ಅಣಬೆಯ ಗುಳಿಗೆಯೂ ಭೋಗೋಪಭೋಗ ಪರಿಮಾಣ ವ್ರತವೂ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ಗುಣವ್ರತಗಳಲ್ಲಿ ಎಣಿಸಿರುವರು. ಒಮ್ಮೆ ಅನುಭವಿಸಿದೊಡನೆ ಮುಗಿದುಹೋಗುವ ಅನ್ನಪಾನಾದಿಗಳು ಭೋಗ. ಮತ್ತೆ ಮತ್ತೆ ಬಳಕೆಗೆ ಬರುವ ವಸ್ತ್ರಾಭರಣಾದಿಗಳು ಉಪಭೋಗ. ಇವೆರಡಕ್ಕೂ ತನ್ನ ಶಕ್ತಿಗೆ ತಕ್ಕಂತೆ ಎಲ್ಲೆಯನ್ನು ಹಾಕಿಕೊಳ್ಳುವುದೇ ಈ ವ್ರತ. ಕಾಲದ ಅವಧಿಯಿಟ್ಟು ಬಿಟ್ಟರೆ ಅದು ನಿಯಮ, ಬದುಕಿರುವವರೆಗೂ ಬಿಟ್ಟರೆ ಅದು ಯಮ. ಗಡ್ಡೆಗೆಣಸುಗಳನ್ನೂ ಅನಂತಕಾಯವೆನಿಸಿದ ಇತರ ವಸ್ತುಗಳನ್ನೂ ಯಮರೂಪವಾಗಿ ತ್ಯಜಿಸಿರುವ ಶ್ರಾವಕ ಶ್ರಾವಿಕೆಯರು ನಮ್ಮ ನಾಡಿನಲ್ಲಿ ಈಗಲೂ ಅನೇಕರಿರುವರು. ಅಂಥವರ ಮನೆಗೆ ಈಚೆಗೆ ಒಂದು ಹೊಸ ಪದಾರ್ಥವು ಔಷಧದ ವೇಷದಲ್ಲಿ ಪ್ರವೇಶಿಸುತ್ತಿದೆ. ಪರದೇಶದಲ್ಲಿರುವ ಮಗನು ತಾಯಿಯ ಮರೆವಿಗೆಂದು ಶೀಸೆಯೊಂದನ್ನು ಕಳುಹಿಸುವನು. ಸರಪಳಿ ಮಾರಾಟದ ಪರಿಚಿತರೊಬ್ಬರು ಸಕ್ಕರೆ ಕಾಯಿಲೆಗೆಂದು ಕಾಫಿಯ ಪುಡಿಯೊಂದನ್ನು ಬಾಗಿಲಿಗೇ ತಂದುಕೊಡುವರು. ಹೆಸರು ರೇಯಿಶಿ, ಗ್ಯಾನೊಡರ್ಮಾ, ಕಾರ್ಡಿಸೆಪ್ಸ್, ಲಯನ್ಸ್ ಮೇನ್, ಚಾಗಾ ಎಂದು ನಾನಾ ಬಗೆಯಾಗಿರುತ್ತದೆ. ಇವೆಲ್ಲವೂ ಅಣಬೆಗಳು, ಇಲ್ಲವೇ ಅಣಬೆಯ ಕುಲಕ್ಕೆ ಸೇರಿದವು. ಹಳ್ಳಿಯಲ್ಲಿ ನಾಯಿಕೊಡೆ ಎಂದರೆ ಮುಟ್ಟದ ಕೈ, ಹೊಳೆಯುವ ಗುಳಿಗೆಯಾಗಿ ಬಂದಾಗ ಅದನ್ನು ಗುರುತಿಸದೆ ನೀರಿನೊಡನೆ ನುಂಗಿಬಿಡುತ್ತದೆ.

ಆಗಮದಲ್ಲಿ ಇದಕ್ಕಿರುವ ಸ್ಥಾನವನ್ನು ಮೊದಲು ತಿಳಿಯತಕ್ಕದ್ದು. ವಟ್ಟಕೇರಾಚಾರ್ಯರ ಮೂಲಾಚಾರವು ಬಾದರ ವನಸ್ಪತಿಗಳನ್ನು ಹೇಳುವಾಗ ಶೈವಾಲ, ಪಣಕ, ಕಿಣ್ವಕ, ಕವಕ, ಕುಹಣ ಎಂಬ ಐದು ಹೆಸರುಗಳನ್ನು ಒಟ್ಟಿಗೆ ಕೊಡುತ್ತದೆ. ನೀರಿನ ಪಾಚಿ, ಇಟ್ಟಿಗೆ ಗೋಡೆಗಳ ಮೇಲಿನ ಹಾವಸೆ, ಮಳೆಗಾಲದಲ್ಲಿ ಕೊಡೆಯಂತೆ ಏಳುವ ಅಣಬೆ, ಹಳಸಿದ ಆಹಾರದ ಮೇಲೆ ಕಟ್ಟುವ ಬೂಷ್ಟು ಇವೆಲ್ಲ ಆ ಐದರಲ್ಲಿ ಅಡಕವಾಗಿವೆ. ಇಂದಿನ ಹಿಂದೀ ವಿಜ್ಞಾನ ಪುಸ್ತಕಗಳು ಈ ಇಡೀ ಜೀವವರ್ಗಕ್ಕೆ ‘ಕವಕ’ ಎಂಬ ಹೆಸರನ್ನೇ ಬಳಸುತ್ತಿರುವುದು ಸ್ವಾರಸ್ಯದ ಸಂಗತಿ. ಶ್ವೇತಾಂಬರ ಸಂಪ್ರದಾಯದಲ್ಲಿ ಎಣಿಸುವ 32 ಅನಂತಕಾಯಗಳಲ್ಲಿಯೂ ಅಣಬೆಯು ಸೇರಿದೆ. ಎರಡೂ ಸಂಪ್ರದಾಯಗಳ ನಡುವೆ ಅಭಕ್ಷ್ಯಗಳ ಪಟ್ಟಿಯಲ್ಲಿ ಅಲ್ಲಲ್ಲಿ ವ್ಯತ್ಯಾಸಗಳಿದ್ದರೂ ಅಣಬೆಯನ್ನು ಬಿಡತಕ್ಕದ್ದೆಂಬುದರಲ್ಲಿ ಭೇದವಿಲ್ಲ.

ಇಲ್ಲಿ ವಿದ್ಯಾವಂತ ತರುಣರು ಎತ್ತುವ ಆಕ್ಷೇಪವೊಂದಿದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಣಬೆಯು ಸಸ್ಯವೇ ಅಲ್ಲವೆಂದು ವಿಜ್ಞಾನವು ಹೇಳುತ್ತದೆ. 1969ರಲ್ಲಿ ಅಮೆರಿಕದ ವಿಟೇಕರ್ ಎಂಬ ವಿಜ್ಞಾನಿಯು ಜೀವಸಂಕುಲವನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿ, ಶಿಲೀಂಧ್ರಗಳಿಗೆ ಪ್ರತ್ಯೇಕ ಸ್ಥಾನವನ್ನು ಕೊಟ್ಟನು. ಅವುಗಳಲ್ಲಿ ಪತ್ರಹರಿತ್ತಿಲ್ಲ, ಬಿಸಿಲಿನಿಂದ ಅನ್ನವನ್ನು ಮಾಡಿಕೊಳ್ಳುವ ಶಕ್ತಿಯಿಲ್ಲ. ಅವುಗಳ ಕೋಶಭಿತ್ತಿಯಲ್ಲಿರುವುದು ಕೀಟಗಳ ಹೊರಚಿಪ್ಪಿನಲ್ಲಿರುವ ಕೈಟಿನ್ ಎಂಬ ದ್ರವ್ಯ. ಹಾಗಾದರೆ ವನಸ್ಪತಿಗೆ ಹೇಳಿದ ನಿಷೇಧವು ಇದಕ್ಕೆ ಹೇಗೆ ಅನ್ವಯಿಸುತ್ತದೆ ಎಂಬುದು ಪ್ರಶ್ನೆ.

ಉತ್ತರವು ಆಗಮದ ವಿಭಾಗಕ್ರಮದಲ್ಲಿಯೇ ಇದೆ. ಆಚಾರ್ಯರು ಪತ್ರಹರಿತ್ತನ್ನು ನೋಡಿ ವಿಭಾಗ ಮಾಡಲಿಲ್ಲ. ಒಂದು ಶರೀರಕ್ಕೆ ಒಬ್ಬನೇ ಜೀವನು ಒಡೆಯನೋ, ಅನಂತ ಜೀವಗಳಿಗೆ ಒಂದೇ ಶರೀರವು ಸಾಧಾರಣವೋ ಎಂಬುದೇ ಅವರ ಪ್ರಶ್ನೆಯಾಗಿತ್ತು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಸಾಧಾರಣ ಜೀವಗಳ ಲಕ್ಷಣವನ್ನು ಹೇಳುತ್ತ, ಅವುಗಳ ಆಹಾರವೂ ಉಸಿರಾಟವೂ ಜನನವೂ ಮರಣವೂ ಒಟ್ಟಿಗೇ ನಡೆಯುವುದನ್ನು ವಿವರಿಸಿರುವರು. ಯಾವ ವಸ್ತುವಿನಲ್ಲಿ ಇಂಥ ಜೀವಗಳು ನೆಲೆಸಿವೆಯೆಂದು ಶ್ರಾವಕನು ಹೊರಗಿನಿಂದ ಅರಿಯಲು ಕೆಲವು ಗುರುತುಗಳನ್ನೂ ಕೊಟ್ಟಿರುವರು: ನರಗಳೂ ಸಂಧಿಗಳೂ ಗೆಣ್ಣುಗಳೂ ಕಾಣಿಸದಿರುವುದು, ಮುರಿದರೆ ಸಮನಾಗಿ ಮುರಿಯುವುದು, ನಡುವೆ ನಾರು ಇಲ್ಲದಿರುವುದು, ಕತ್ತರಿಸಿದ ತುಂಡು ಮತ್ತೆ ಬೆಳೆಯುವುದು. ಈ ಕೊನೆಯದಕ್ಕೆ ಛಿನ್ನರುಹ ಎಂದು ಹೆಸರು.

ಅಣಬೆಯ ಬೇಸಾಯವನ್ನು ಬಲ್ಲವರಿಗೆ ಈ ಪದದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ಅಣಬೆಯೆಂದು ಕಾಣುವ ಕೊಡೆಯು ಅದರ ಫಲಭಾಗ ಮಾತ್ರ. ನಿಜವಾದ ಶರೀರವು ಮಣ್ಣಿನಲ್ಲಿ, ಕೊಳೆತ ಮರದಲ್ಲಿ, ಹುಲ್ಲಿನಲ್ಲಿ ಬಿಳಿಯ ದಾರಗಳ ಬಲೆಯಂತೆ ಹರಡಿಕೊಂಡಿರುತ್ತದೆ. ಪ್ರಯೋಗಶಾಲೆಯಲ್ಲಿ ಕೊಡೆಯ ಒಳಭಾಗದಿಂದ ಅಕ್ಕಿಕಾಳಿನಷ್ಟು ತುಂಡನ್ನು ಕಿತ್ತು ಪೋಷಕದ್ರವ್ಯದ ಮೇಲಿಟ್ಟರೆ ಕೆಲವೇ ದಿನಗಳಲ್ಲಿ ಅದು ಸುತ್ತಲೂ ಬಲೆಯನ್ನು ಹೆಣೆಯುತ್ತದೆ. ಆ ಬಲೆಯ ಚೂರುಗಳನ್ನು ಬೇಯಿಸಿದ ಧಾನ್ಯದೊಡನೆ ಬೆರಸಿ ಬೆಳೆಸಿದರೆ ಅದೇ ಬಿತ್ತನೆಯಾಗುವುದು. ಎಷ್ಟು ಚೂರುಗಳೋ ಅಷ್ಟು ಬೆಳೆ. ಇದು ಆಗಮವನ್ನು ಪ್ರಯೋಗಶಾಲೆಯಿಂದ ಸಿದ್ಧಪಡಿಸುವ ಪ್ರಯತ್ನವಲ್ಲ; ನಿಗೋದ ಜೀವಗಳು ಸೂಕ್ಷ್ಮದರ್ಶಕಕ್ಕೆ ವಿಷಯವೆಂದು ಯಾವ ಆಚಾರ್ಯರೂ ಹೇಳಿಲ್ಲ. ವಿಜ್ಞಾನದ ವಿಂಗಡಣೆಯು ಬದಲಾದ ಮಾತ್ರಕ್ಕೆ ಆಗಮದ ವಿಂಗಡಣೆಯು ಬಿದ್ದುಹೋಗುವುದಿಲ್ಲ, ಏಕೆಂದರೆ ಅವೆರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರಗಳು ಎಂದಷ್ಟೇ ಇಲ್ಲಿ ಹೇಳಬೇಕಾದದ್ದು.

ಇನ್ನು ಗುಳಿಗೆಗೆ ಬರೋಣ. ನಮ್ಮ ಆಚಾರಗ್ರಂಥಗಳು ಅಭಕ್ಷ್ಯವನ್ನು ತ್ರಸಘಾತ, ಬಹುಘಾತ, ಪ್ರಮಾದಜನಕ, ಅನಿಷ್ಟ, ಅನುಪಸೇವ್ಯ ಎಂದು ಐದು ಬಗೆಯಾಗಿ ವಿಂಗಡಿಸುತ್ತವೆ. ಫಲವು ಅಲ್ಪವಾಗಿದ್ದು ಜೀವಘಾತವು ಬಹಳವಾಗಿರುವುದನ್ನು ಬಿಡಬೇಕೆಂದು ಸಮಂತಭದ್ರರು ಹಸಿಶುಂಠಿ, ಮೂಲಂಗಿ ಮೊದಲಾದವನ್ನು ಹೆಸರಿಸಿ ಹೇಳಿರುವರು. ಈ ಮಾತಿನಲ್ಲಿ ಘಾತವೂ ಇದೆ, ಫಲವೂ ಇದೆ. ಘಾತದ ವಿಷಯವನ್ನು ಮೇಲೆ ನೋಡಿದ್ದಾಯಿತು. ಫಲವೆಷ್ಟು ಎಂಬುದನ್ನು ಮಾರುವವರ ಬಾಯಿಂದ ಕೇಳದೆ, ಪರೀಕ್ಷಿಸಿದವರ ಬಾಯಿಂದ ಕೇಳುವುದು ನ್ಯಾಯ.

ಚೀನಾ, ಜಪಾನ್ ದೇಶಗಳಲ್ಲಿ ಅಣಬೆಗಳಿಗೆ ಔಷಧವೆಂಬ ಮನ್ನಣೆಯು ಬಹಳ ಹಳೆಯದು. ಅಲ್ಲಿನ ಲಿಂಗ್‌ಝೀ ಅಥವಾ ರೇಯಿಶಿ ಎಂಬ ಮರದಂತೆ ಗಡುಸಾದ ಕೆಂಪು ಅಣಬೆಯನ್ನು ದೀರ್ಘಾಯುಷ್ಯದ ಕುರುಹಾಗಿ ಚಿತ್ರಿಸುತ್ತಿದ್ದರು. ಆಧುನಿಕ ಸಂಶೋಧನೆಯು ಮುಖ್ಯವಾಗಿ ಜಪಾನಿನಲ್ಲಿ ಬೆಳೆಯಿತು. 1969ರಲ್ಲಿ ಚಿಹಾರಾ ಎಂಬವರು ಶೀಟಾಕೆ ಅಣಬೆಯಿಂದ ಲೆಂಟಿನಾನ್ ಎಂಬ ಬೀಟಾ ಗ್ಲೂಕಾನನ್ನು ಬೇರ್ಪಡಿಸಿದರು. ಟರ್ಕಿ ಟೇಲ್ ಎಂಬ ಅಣಬೆಯಿಂದ ತೆಗೆದ ಕ್ರೆಸ್ಟಿನ್ ಎಂಬ ಔಷಧಕ್ಕೆ 1977ರಲ್ಲಿಯೂ, ಲೆಂಟಿನಾನಿಗೆ 1985ರಲ್ಲಿಯೂ ಆ ದೇಶದ ಸರ್ಕಾರವು ಅನುಮತಿಯಿತ್ತಿತು. ಕ್ರೆಸ್ಟಿನ್ ವಿಷಯದಲ್ಲಿ 8 ಪ್ರಯೋಗಗಳ 8,009 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟವಾದ ಪರಿಶೀಲನೆಯು, ಹೊಟ್ಟೆಯ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದ ಮೇಲೆ ಇತರ ಔಷಧಗಳೊಡನೆ ಇದನ್ನು ಕೊಟ್ಟವರಲ್ಲಿ ಬದುಕುಳಿದವರ ಪ್ರಮಾಣವು ಹೆಚ್ಚಾಗಿತ್ತೆಂದು ತೋರಿಸಿತು. ಇದನ್ನು ಮುಚ್ಚಿಡುವುದು ಸತ್ಯವ್ರತಕ್ಕೆ ಒಪ್ಪುವ ಮಾತಲ್ಲ. ಆದರೆ ಆ ರೋಗಿಗಳು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೊಳಗಾದವರು. ಮುಖ್ಯ ಚಿಕಿತ್ಸೆಯ ಜೊತೆಗೆ ವೈದ್ಯರು ಅಳತೆಯಿಟ್ಟು ಕೊಟ್ಟ ಶುದ್ಧೀಕೃತ ಔಷಧವನ್ನು ಪಡೆದವರು. ಲೆಂಟಿನಾನನ್ನಂತೂ ಸೂಜಿಯ ಮೂಲಕವೇ ಕೊಡುತ್ತಿದ್ದರು. ಕ್ರೆಸ್ಟಿನ್‌ನ ಮಾರಾಟವು ಅನಂತರ ಜಪಾನಿನಲ್ಲಿಯೇ ನಿಂತುಹೋಯಿತು. ಅಂಗಡಿಯ ಶೀಸೆಗೂ ಆ ಔಷಧಕ್ಕೂ ಹೆಸರಿನ ನಂಟು ಮಾತ್ರ ಉಂಟು.

ಶೀಸೆಯಲ್ಲಿ ಬರುವವುಗಳ ಸ್ಥಿತಿ ಹೀಗಿದೆ. ರೇಯಿಶಿಯು ಸಕ್ಕರೆ ಕಾಯಿಲೆಗೂ ಹೃದಯಕ್ಕೂ ಒಳ್ಳೆಯದೆಂಬ ಮಾತನ್ನು ಕಾಕ್ರೇನ್ ಸಂಸ್ಥೆಯು 2015ರಲ್ಲಿ ಪರಿಶೀಲಿಸಿತು. ಐದು ಪ್ರಯೋಗಗಳು, ಒಟ್ಟು 398 ಜನರು. ಎರಡನೆಯ ಬಗೆಯ ಸಕ್ಕರೆ ಕಾಯಿಲೆಯವರಿಗೆ ಇದನ್ನು ಕೊಡಲು ಆಧಾರವಿಲ್ಲವೆಂಬುದೇ ಅದರ ನಿರ್ಣಯ. ಕ್ಯಾನ್ಸರಿಗೆ ಇದನ್ನು ಮೊದಲ ಚಿಕಿತ್ಸೆಯಾಗಿ ಬಳಸಲು ಸಾಕಷ್ಟು ಪ್ರಮಾಣವಿಲ್ಲವೆಂದು ಅದೇ ಸಂಸ್ಥೆಯ 2016ರ ಪರಿಶೀಲನೆಯು ಹೇಳಿದೆ. ಮರೆವಿಗೆ ಮದ್ದೆಂದು ಹೊಗಳುವ ಲಯನ್ಸ್ ಮೇನ್ ವಿಷಯದಲ್ಲಿ ಎಲ್ಲರೂ ಎತ್ತಿ ಹೇಳುವುದು 2009ರ ಜಪಾನಿನ ಪ್ರಯೋಗವನ್ನು. ಅದರಲ್ಲಿ 50ರಿಂದ 80 ವಯಸ್ಸಿನ, ಅಲ್ಪ ಮರೆವುಳ್ಳ 30 ಜನರಿದ್ದರು. ಅಣಬೆಯ ಪಾಲಿಗೆ ಬಂದವರು 250 ಮಿಲಿಗ್ರಾಮಿನ ಗುಳಿಗೆಗಳನ್ನು ಹೊತ್ತಿಗೆ ನಾಲ್ಕರಂತೆ ದಿನಕ್ಕೆ ಮೂರು ಹೊತ್ತು 16 ವಾರ ನುಂಗಿದರು. ಪರೀಕ್ಷೆಯ ಅಂಕಗಳು ಏರಿದವು. ಗುಳಿಗೆಯನ್ನು ನಿಲ್ಲಿಸಿದ ನಾಲ್ಕು ವಾರಗಳಲ್ಲಿ ಇಳಿದವು. ಮೂವತ್ತೇ ಜನರ ಈ ಫಲದ ಮೇಲೆ ಯಾವಜ್ಜೀವ ವ್ರತವೊಂದನ್ನು ಅಡವಿಡಬಹುದೇ ಎಂಬುದನ್ನು ವಾಚಕರೇ ಆಲೋಚಿಸಬೇಕು.

ಶೀಸೆಯ ಮೇಲಿನ ಹೆಸರನ್ನೂ ಹಾಗೆಯೇ ನಂಬುವಂತಿಲ್ಲ. ಅಮೆರಿಕದಲ್ಲಿ ಕೊಂಡ 19 ತಂಡಗಳ ರೇಯಿಶಿ ಸರಕನ್ನು ಪರೀಕ್ಷಿಸಿದವರು, ಅವುಗಳಲ್ಲಿ ಐದು ಮಾತ್ರ ಚೀಟಿಯಲ್ಲಿ ಬರೆದಂತೆಯೇ ಇದ್ದವೆಂದು 2017ರಲ್ಲಿ ಪ್ರಕಟಿಸಿದರು. ಧಾನ್ಯದ ಮೇಲೆ ಬೆಳೆಸಿದ ಬಲೆಯನ್ನು ಧಾನ್ಯಸಮೇತವಾಗಿ ಒಣಗಿಸಿ ಪುಡಿಮಾಡಿದ ಸರಕಿನಲ್ಲಿ ಅಣಬೆಗಿಂತ ಪಿಷ್ಟವೇ ಮುಂದಾಗಿರಬಹುದು. ದುಬಾರಿ ಬೆಲೆಗೆ ಅಕ್ಕಿಹಿಟ್ಟನ್ನು ಕೊಂಡಂತಾಯಿತು! ಅಪಾಯವೇ ಇಲ್ಲವೆಂಬುದೂ ಸುಳ್ಳು. ಶೀತದೇಶಗಳ ಭೂರ್ಜವೃಕ್ಷದ ಮೇಲೆ ಕರಿಯ ಗಂಟಿನಂತೆ ಬೆಳೆಯುವ ಚಾಗಾದಲ್ಲಿ ಆಕ್ಸಲೇಟ್ ಬಹಳವಾಗಿರುತ್ತದೆ. ಜಪಾನಿನ 72 ವರ್ಷದ ರೋಗಿಯೊಬ್ಬಳು ಅದರ ಪುಡಿಯನ್ನು ದಿನಕ್ಕೆ ನಾಲ್ಕೈದು ಚಮಚದಂತೆ ಆರು ತಿಂಗಳು ಸೇವಿಸಿ ಮೂತ್ರಪಿಂಡಗಳನ್ನು ಕೆಡಿಸಿಕೊಂಡ ಸಂಗತಿಯನ್ನು 2014ರಲ್ಲಿ ವೈದ್ಯರು ವರದಿ ಮಾಡಿದರು. ರೇಯಿಶಿ ಪುಡಿಯನ್ನು ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದ ವರದಿಗಳು ಹಾಂಗ್‌ಕಾಂಗ್ ಮತ್ತು ಥಾಯ್ಲೆಂಡ್‌ಗಳಿಂದ ಬಂದಿವೆ. ರಕ್ತವು ಹೆಪ್ಪುಗಟ್ಟದಂತೆ ಔಷಧ ತೆಗೆದುಕೊಳ್ಳುತ್ತಿರುವ ಹೃದ್ರೋಗಿಗಳು ವೈದ್ಯರಿಗೆ ತಿಳಿಸದೆ ಇದನ್ನು ಮುಟ್ಟಲೇಬಾರದು. ಹೀಗೆ ನೋಡಿದರೆ ಕೆಲವರಿಗೆ ಇದು ಬಹುಘಾತದ ಜೊತೆಗೆ ಅನಿಷ್ಟವೆಂಬ ಹೆಸರಿಗೂ ತಕ್ಕದ್ದಾಗುತ್ತದೆ. ತನ್ನ ದೇಹಕ್ಕೆ ಕೇಡು ಮಾಡುವುದನ್ನು, ಅದು ಭಕ್ಷ್ಯವೇ ಆಗಿದ್ದರೂ, ಬಿಡತಕ್ಕದ್ದೆಂಬುದು ಅನಿಷ್ಟ ಪದದ ಅಭಿಪ್ರಾಯ.

ಕಾರ್ಡಿಸೆಪ್ಸ್‌ನ ವಿಷಯವು ಇವೆಲ್ಲಕ್ಕಿಂತ ಘೋರವಾದದ್ದು. ಹಿಮಾಲಯದಲ್ಲಿ ಸುಮಾರು 3,500ರಿಂದ 5,000 ಮೀಟರ್ ಎತ್ತರದ ಹುಲ್ಲುಗಾವಲುಗಳ ಮಣ್ಣಿನಲ್ಲಿ ಒಂದು ಜಾತಿಯ ಪತಂಗದ ಹುಳುಗಳು ವಾಸಿಸುತ್ತವೆ. ಈ ಶಿಲೀಂಧ್ರವು ಹುಳುವಿನ ದೇಹವನ್ನು ಹೊಕ್ಕು, ಒಳಗಿನದನ್ನೆಲ್ಲ ತಿಂದು ಅದನ್ನು ಕೊಲ್ಲುತ್ತದೆ. ಹಿಮ ಕರಗುವ ಕಾಲಕ್ಕೆ ಸತ್ತ ಹುಳುವಿನ ತಲೆಯಿಂದ ಕಂದುಬಣ್ಣದ ಕಡ್ಡಿಯೊಂದು ನೆಲದ ಮೇಲೆ ಏಳುತ್ತದೆ. ಉತ್ತರಾಖಂಡದ ಪಿಥೌರಾಗಢ, ಚಮೋಲಿ ಕಡೆಗಳಲ್ಲಿ ಇದನ್ನು ಕೀಡಾಜಡೀ ಎನ್ನುವರು. ಬೇಸಗೆಯಲ್ಲಿ ಹುಲ್ಲು, ಚಳಿಗಾಲದಲ್ಲಿ ಹುಳು ಎಂಬುದು ಟಿಬೆಟಿನ ಹೆಸರಿನ ಅರ್ಥ. ಮಾರುವುದು ಕಡ್ಡಿಯನ್ನು ಮಾತ್ರವಲ್ಲ, ಹುಳುವಿನ ಒಣಗಿದ ಕಳೇಬರದೊಡನೆ. 1993ರಲ್ಲಿ ಬೀಜಿಂಗಿನ ಕ್ರೀಡಾಕೂಟದಲ್ಲಿ ಚೀನೀ ಓಟಗಾರ್ತಿಯರು ವಿಶ್ವದಾಖಲೆಗಳನ್ನು ಮುರಿದಾಗ ಅವರ ಶಿಕ್ಷಕನು ಇದನ್ನು ಹೊಗಳಿದ್ದರಿಂದ ಇದರ ಹೆಸರು ಜಗತ್ತಿಗೆಲ್ಲ ಹಬ್ಬಿತು. ಆಮೆಯ ರಕ್ತವನ್ನೂ ಅವನು ಅದೇ ಉಸಿರಿನಲ್ಲಿ ಹೇಳಿದ್ದನೆಂಬುದನ್ನು ಮಾರುವವರು ನೆನಪಿಸುವುದಿಲ್ಲ. ಅತಿಯಾಗಿ ಕಿತ್ತುದರಿಂದ 2020ರಲ್ಲಿ ಈ ಶಿಲೀಂಧ್ರವನ್ನೇ ಅಪಾಯಕ್ಕೊಳಗಾದ ಜೀವಗಳ ಅಂತಾರಾಷ್ಟ್ರೀಯ ಪಟ್ಟಿಗೆ ಸೇರಿಸಿದರು. ಇದು ತ್ರಸಜೀವದ ಕಳೇಬರ. ಅನಂತಕಾಯದ ತ್ಯಾಗವನ್ನು ಮಾಡದ ಸಾಮಾನ್ಯ ಜೈನನಿಗೂ ಮೂಲಗುಣಗಳಿಂದಲೇ ಇದು ನಿಷಿದ್ಧ. ಪ್ರಯೋಗಶಾಲೆಯಲ್ಲಿ ಬೆಳೆಸುವ ಇದರ ಬಂಧುವಾದ ಮಿಲಿಟಾರಿಸ್ ಜಾತಿಯನ್ನು ಅಕ್ಕಿಯ ಮೇಲೆ ಬೆಳೆಸುವರಾದರೂ, ಕೆಲವೆಡೆ ರೇಷ್ಮೆಹುಳುವಿನ ಪ್ಯೂಪಾಗಳನ್ನೂ ಪೋಷಕವಾಗಿ ಬಳಸುವುದುಂಟು.

ಹಸಿರು ಗುರುತನ್ನು ನೋಡಿ ಕೊಂಡೆವೆಂದು ಹೇಳುವವರಿರುವರು. ಸರ್ಕಾರದ ಹಸಿರು ಗುರುತು ಪಶುಪಕ್ಷಿ ಮೀನು ಮೊಟ್ಟೆಗಳಿಂದ ಬಂದ ಪದಾರ್ಥಗಳಿಲ್ಲವೆಂಬುದನ್ನು ಮಾತ್ರ ಹೇಳುತ್ತದೆ. ಅಣಬೆಗೂ ಆಲೂಗಡ್ಡೆಗೂ ಬೆಳ್ಳುಳ್ಳಿಗೂ ಅದೇ ಹಸಿರು. ಇನ್ನು ಪರದೇಶದಿಂದ ನೇರವಾಗಿ ಬಂದ ಶೀಸೆಗಳಲ್ಲಿ ಆ ಗುರುತೂ ಇರುವುದಿಲ್ಲ. ಗುಳಿಗೆಯ ಹೊದಿಕೆಯು ದನ ಅಥವಾ ಹಂದಿಯ ಚರ್ಮ ಮೂಳೆಗಳಿಂದ ತೆಗೆದ ಜೆಲಟಿನ್ ಆಗಿರುವುದು ಸಾಮಾನ್ಯ.

ಈಗ ಔಷಧದ ಪ್ರಶ್ನೆ. ರೋಗಿಯಾದವನಿಗೆ ವಿನಾಯಿತಿ ಇಲ್ಲವೇ ಎಂದು ಕೇಳುವವರ ಸಂಕಟವು ನಿಜವಾದದ್ದು. ನಮ್ಮ ಪರಂಪರೆಯು ರೋಗವನ್ನು ಕಡೆಗಣಿಸಿದ್ದಲ್ಲ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನೇ ರಚಿಸಿದರು. ಮಾಂಸವನ್ನು ಸೇವಿಸದೆಯೇ ಚಿಕಿತ್ಸೆಯು ಸಾಧ್ಯವೆಂದು ಅಮೋಘವರ್ಷ ನೃಪತುಂಗನ ಸಭೆಯಲ್ಲಿ ವಾದಿಸಿದ ಹಿತಾಹಿತ ಪ್ರಕರಣವು ಅದರ ಕೊನೆಯಲ್ಲಿದೆ. 12ನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ವ್ರತವನ್ನು ಉಳಿಸಿಕೊಂಡು ದೇಹವನ್ನೂ ಉಳಿಸಿಕೊಳ್ಳುವ ದಾರಿಯನ್ನು ಹುಡುಕಿದವರು ಇವರು. ಇನ್ನು ಸಮಂತಭದ್ರರ ಕಥೆಯಂತೂ ಪ್ರಸಿದ್ಧವೇ. ಭಸ್ಮಕವ್ಯಾಧಿಯಿಂದ ಪೀಡಿತರಾದ ಅವರು ಸಲ್ಲೇಖನವನ್ನು ಬೇಡಿದಾಗ ಗುರುಗಳು ಒಪ್ಪದೆ, ದೀಕ್ಷೆಯನ್ನು ಬಿಟ್ಟು ರೋಗವನ್ನು ಶಮನ ಮಾಡಿಕೊಳ್ಳುವಂತೆ ಆಜ್ಞಾಪಿಸಿದರೆಂದೂ, ಗುಣವಾದ ಮೇಲೆ ಅವರು ಮತ್ತೆ ದೀಕ್ಷೆಯನ್ನು ಪಡೆದರೆಂದೂ ಕಥೆಗಳು ಹೇಳುತ್ತವೆ. ವ್ರತವನ್ನು ಇಟ್ಟುಕೊಂಡೇ ಅದಕ್ಕೆ ವಿರುದ್ಧವಾದುದನ್ನು ಅವರು ಗುಟ್ಟಾಗಿ ಸೇವಿಸಲಿಲ್ಲವೆಂಬುದು ಇಲ್ಲಿ ಗಮನಿಸತಕ್ಕ ಅಂಶ.

ಆದುದರಿಂದ ವೈದ್ಯನು ರೋಗವನ್ನು ನಿರ್ಣಯಿಸಿ ಕೊಡುವ ಔಷಧವನ್ನೂ ಅಂಗಡಿಯ ಪೂರಕಾಹಾರವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಪೆನಿಸಿಲಿನ್ ಬೂಷ್ಟಿನಿಂದ ದೊರೆತದ್ದು. ಕೊಬ್ಬನ್ನಿಳಿಸುವ ಸ್ಟಾಟಿನ್ ಔಷಧಗಳ ಮೂಲವನ್ನು ಜಪಾನಿನ ಎಂಡೋ ಎಂಬವರು 1970ರ ದಶಕದಲ್ಲಿ ಬೂಷ್ಟಿನಲ್ಲಿಯೇ ಕಂಡರು. ಇವುಗಳಲ್ಲಿ ಶಿಲೀಂಧ್ರದ ಶರೀರವನ್ನು ತಿನ್ನುವುದಿಲ್ಲ, ಬೇರ್ಪಡಿಸಿದ ದ್ರವ್ಯವನ್ನು ಅಳತೆಯಿಂದ ಸೇವಿಸುವುದು. ರೋಗವು ಪ್ರತ್ಯಕ್ಷ, ಫಲವು ಸಿದ್ಧ. ಇಂಥ ಚಿಕಿತ್ಸೆಯನ್ನು ವ್ರತದ ಹೆಸರಿನಲ್ಲಿ ನಿಲ್ಲಿಸಿ ಪ್ರಾಣಕ್ಕೆ ಎರವಾಗುವುದು ವಿವೇಕವಲ್ಲ. ಸಂದೇಹವಿದ್ದವರು ತಮಗೆ ವ್ರತವಿತ್ತ ಗುರುಗಳಲ್ಲಿ ನಿವೇದಿಸಿಕೊಳ್ಳಬೇಕು. ಪೂರಕಾಹಾರಕ್ಕಾದರೋ ಈ ಆಶ್ರಯವಿಲ್ಲ. ಭಾರತದ 2016ರ ನಿಯಮಗಳಂತೆ ಅದರ ಚೀಟಿಯ ಮೇಲೆ ‘ಔಷಧೀಯ ಉಪಯೋಗಕ್ಕಲ್ಲ’ ಎಂಬ ಅರ್ಥದ ಮಾತು ಇರಲೇಬೇಕು. ಅಮೆರಿಕದಲ್ಲಿ 1994ರ ಕಾನೂನಿನಂತೆ, ಗುಣವನ್ನು ಹೊಗಳಿಕೊಳ್ಳುವ ಚೀಟಿಯ ಮೇಲೆಯೇ ಇದು ಯಾವ ರೋಗವನ್ನೂ ಗುಣಪಡಿಸುವ ಉದ್ದೇಶದ್ದಲ್ಲವೆಂದೂ ಬರೆಯಬೇಕು. ತಾನು ಔಷಧವಲ್ಲವೆಂದು ತಾನೇ ಹೇಳಿಕೊಳ್ಳುವ ವಸ್ತುವಿಗೆ ಔಷಧದ ವಿನಾಯಿತಿಯನ್ನು ಶ್ರಾವಕನು ಏಕೆ ಕೊಡಬೇಕು?

ದಶಲಕ್ಷಣ ಪರ್ವದ ಉಪವಾಸಗಳಲ್ಲಿ ಶಕ್ತಿ ಕುಂದದಿರಲೆಂದು ಕೆಲವರು ಇಂಥ ಗುಳಿಗೆಯನ್ನು ನೀರಿನೊಡನೆ ನುಂಗುವುದೂ ಉಂಟು. ಉಪವಾಸವೆಂದರೆ ಚತುರ್ವಿಧ ಆಹಾರದ ತ್ಯಾಗ. ಅಂದು ಅಣಬೆಯ ಗುಳಿಗೆಯು ಉಪವಾಸವನ್ನೂ ಭಂಗಪಡಿಸಿ ಅಭಕ್ಷ್ಯದ ದೋಷವನ್ನೂ ತರುವುದು. ಅಷ್ಟು ಅಶಕ್ತರಾದವರು ಏಕಾಶನವನ್ನು ಮಾಡಬಹುದು. ಅದರಲ್ಲಿ ಕೀಳೇನೂ ಇಲ್ಲ.

ಅಣಬೆಯಿಂದ ದೊರಕುವುದೆನ್ನುವ ಬೀಟಾ ಗ್ಲೂಕಾನಿನ ಬೇರೊಂದು ಬಗೆಯು ಜವೆಗೋಧಿಯಲ್ಲಿಯೂ ಓಟ್ಸ್‌ನಲ್ಲಿಯೂ ಇದೆ. ದಿನಕ್ಕೆ 3 ಗ್ರಾಮಿನಷ್ಟು ಅದು ದೊರೆತರೆ ರಕ್ತದ ಕೊಬ್ಬು ಸ್ವಲ್ಪ ಇಳಿಯುವುದೆಂಬುದು ಚೆನ್ನಾಗಿ ಸಿದ್ಧವಾದ ಸಂಗತಿ. ಡಿ ಜೀವಸತ್ವದ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಅಂಗಡಿಯ ಡಿ3 ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ಡಿ2 ಎಂಬುದನ್ನು ಈಸ್ಟ್ ಅಥವಾ ಅಣಬೆಯ ದ್ರವ್ಯದ ಮೇಲೆ ಅತಿನೇರಳೆ ಕಿರಣಗಳನ್ನು ಹಾಯಿಸಿ ಮಾಡುವರು. ಪ್ರಾಣಿಮೂಲವಿಲ್ಲದ ಡಿ3 ಎಂದು ಮಾರುವುದು ಕಲ್ಲುಹೂವಿನ ಜಾತಿಯದು, ಅದೂ ಶಿಲೀಂಧ್ರ ಮತ್ತು ಪಾಚಿಗಳು ಒಂದಾಗಿ ಬೆಳೆದ ಶರೀರವೇ. ನಮ್ಮ ಮಸಾಲೆಯ ಡಬ್ಬಿಯಲ್ಲಿರುವ ಕಲ್ಲುಹೂವೂ ಇದೇ ವರ್ಗದ್ದೆಂಬುದನ್ನು ಬಹು ಜನ ವ್ರತಿಕರು ಅರಿತಿಲ್ಲ. ರಕ್ತಪರೀಕ್ಷೆಯಲ್ಲಿ ಕೊರತೆಯು ಕಂಡುಬಂದು ವೈದ್ಯರು ಗುಳಿಗೆಯನ್ನು ಬರೆದುಕೊಟ್ಟರೆ, ಅದರ ಮೂಲ ಯಾವುದು, ಹೊದಿಕೆ ಯಾವುದು ಎಂದು ಔಷಧದ ಅಂಗಡಿಯಲ್ಲಿ ಕೇಳಿ ಬರೆದುಕೊಂಡು, ಗುರುಗಳ ಮುಂದೆ ಅದನ್ನಿಟ್ಟು ಅಪ್ಪಣೆ ಪಡೆಯಬೇಕು. ಕೊರತೆಯಿಲ್ಲದವರು ಬಸದಿಗೆ ಹೋಗಿಬರುವಾಗ ಕೈಕಾಲುಗಳಿಗೆ ಒಂದಿಷ್ಟು ಬಿಸಿಲು ತಾಗಿಸಿಕೊಂಡರೆ ಸಾಕು.